ಸೋರುವ ನಲ್ಲಿಗೆ ಏನು ಸುತ್ತಬೇಕು, ಏನು ಸುತ್ತಬಾರದು

ಹಿತ್ತಾಳೆಯ ಬಿಂದಿಗೆ ತೂತಾದರೆ ನಮ್ಮ ಹಿರಿಯರು ಅದನ್ನು ಕಲಾಯಿಯವನ ಬಳಿಗೆ ಒಯ್ದು ಬೆಸುಗೆ ಹಾಕಿಸುತ್ತಿದ್ದರು. ಮಣ್ಣಿನ ಗಡಿಗೆ ಬಿರುಕು ಬಿಟ್ಟರೆ ಅರಗು ಮೆತ್ತುತ್ತಿದ್ದರು. ಕಪಿಲೆಯ ಚರ್ಮದ ಚೀಲ ಹರಿದರೆ ಹೊಲಿಸುತ್ತಿದ್ದರು. ಬೆಸುಗೆಯ ಕೆಲಸವನ್ನು ಅರಗು ಮಾಡದು, ಅರಗಿನ ಕೆಲಸವನ್ನು ಸೂಜಿ ದಾರ ಮಾಡದು ಎಂಬುದು ಅವರಿಗೆ ಯಾರೂ ಹೇಳಿಕೊಡದೆಯೇ ತಿಳಿದಿತ್ತು. ಇಂದು ನೀರು ಕೊಳಾಯಿಯ ಮೂಲಕ ಮನೆಯ ಅಂಗಳಕ್ಕೇ ಬರುತ್ತಿದೆ. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲಜೀವನ ಯೋಜನೆಯು ನಮ್ಮ ರಾಜ್ಯದಲ್ಲಿ ‘ಮನೆ ಮನೆಗೆ ಗಂಗೆ’ ಎಂಬ ಹೆಸರಿನಿಂದ ನಡೆದು, ತಲೆಗೆ ದಿನವೊಂದಕ್ಕೆ 55 ಲೀಟರು ನೀರೆಂಬ ಗುರಿಯಿಂದ ನಲ್ಲಿಗಳನ್ನು ಹಾಕಿಸಿದೆ. ಆದರೆ ನಲ್ಲಿ ಸೋರಿದಾಗ ನಾವು ಮಾಡುವುದೇನು? ಕೈಗೆ ಸಿಕ್ಕಿದ್ದನ್ನು ಸುತ್ತುತ್ತೇವೆ. ಪ್ಲಾಸ್ಟಿಕ್ ಚೀಲದ ಚೂರು, ಹರಿದ ಪಂಚೆಯ ಅಂಚು, ಸೈಕಲ್ ಟ್ಯೂಬು, ಡಾಂಬರು, ಇವೆಲ್ಲಕ್ಕೂ ಒಂದೊಂದು ಸರದಿ ಬರುತ್ತದೆ. ಎರಡು ದಿನ ನಿಂತು ಮೂರನೆಯ ದಿನ ಮತ್ತೆ ಸೋರುತ್ತದೆ.

ರೈತಬಾಂಧವರೆ, ಹನಿ ನೀರಿಗೆ ಇಷ್ಟು ಚಿಂತೆ ಏಕೆಂದು ಕೇಳಬಹುದು. ಸೆಕೆಂಡಿಗೆ ಒಂದು ಹನಿ ಬಿದ್ದರೆ ದಿನಕ್ಕೆ 86,400 ಹನಿಗಳಾದವು. ಮಿಲಿಲೀಟರಿಗೆ 20 ಹನಿಯೆಂದು ಅತಿ ಸಣ್ಣ ಹನಿಯ ಲೆಕ್ಕ ಹಿಡಿದರೂ ಇದು 4 ಲೀಟರಿಗೆ ಮೇಲಾಯಿತು; ನಲ್ಲಿಯ ಬಾಯಿಂದ ಬೀಳುವ ಹನಿ ಇದಕ್ಕಿಂತ ದಪ್ಪವೇ ಇರುತ್ತದೆ. ವಾರಕ್ಕೆ ಎರಡು ಮೂರು ಕೊಡ ನೀರು ಹೀಗೆ ಬಚ್ಚಲಿಗೆ ಹೋಗುತ್ತದೆ. ಆದರೆ ನಷ್ಟದ ಲೆಕ್ಕ ಸಣ್ಣದು. ಇದಕ್ಕಿಂತ ದೊಡ್ಡ ಮಾತುಗಳು ಎರಡು ಉಂಟು. ಒಂದು, ನೀರು ಹೊರಗೆ ಸೋರುವ ಜೋಡಣೆಯಿಂದಲೇ ಕೊಳೆಯು ಒಳಗೆ ಹೋಗುತ್ತದೆ. ಎರಡು, ಸೋರುವುದನ್ನು ನಿಲ್ಲಿಸಲೆಂದು ನಾವು ಹಚ್ಚುವ ಮದ್ದೇ ಕೆಲವು ವೇಳೆ ವಿಷವಾಗಿರುತ್ತದೆ.

ಮೊದಲು ಜೋಡಣೆಯನ್ನು ನೋಡಿರಿ

ಅಂಗಡಿಗೆ ಹೋಗಿ “ಸೋರುವುದಕ್ಕೆ ಏನಾದರೂ ಕೊಡಿ” ಎಂದು ಕೇಳುವುದು, ವೈದ್ಯರ ಹತ್ತಿರ ಹೋಗಿ “ಕಾಯಿಲೆಗೆ ಔಷಧ ಕೊಡಿ” ಎಂದಂತೆ. ಎಲ್ಲಿ ಸೋರುತ್ತಿದೆ, ಆ ಜೋಡಣೆ ಯಾವ ಬಗೆಯದು ಎಂದು ಮೊದಲು ತಿಳಿಯತಕ್ಕದ್ದು. ಮನೆಯ ಕೊಳಾಯಿಯಲ್ಲಿ ಮುಖ್ಯವಾಗಿ ಮೂರು ಬಗೆಯ ಜೋಡಣೆಗಳಿವೆ. ತಿರುಪಿನ ಸುತ್ತಿನಲ್ಲಿ, ಎಂದರೆ ಕೆಲಸಗಾರರು ಥ್ರೆಡ್ಡು ಎನ್ನುವಲ್ಲಿ, ಬಿಗಿಯಾಗುವುದು ಒಂದು. ರಬ್ಬರಿನ ಬಿಲ್ಲೆ ಅಥವಾ ಬಳೆ ಅದುಮಿಕೊಂಡು ಬಿಗಿಯಾಗುವುದು ಇನ್ನೊಂದು. ಪ್ಲಾಸ್ಟಿಕ್ ಪೈಪು ಸಲ್ಯೂಷನ್‌ನಿಂದ ಕರಗಿ ಒಂದಕ್ಕೊಂದು ಬೆರೆತು ಬಿಗಿಯಾಗುವುದು ಮೂರನೆಯದು. ಮೊದಲನೆಯದಕ್ಕೆ ಸುತ್ತುವ ಸಾಮಾನು ಬೇಕು. ಎರಡನೆಯದಕ್ಕೆ ಏನನ್ನೂ ಸುತ್ತಬಾರದು. ಮೂರನೆಯದಕ್ಕೆ ಸುತ್ತಿದರೂ ಪ್ರಯೋಜನವಿಲ್ಲ. ಹಳ್ಳಿಗಳಲ್ಲಿ ನಡೆಯುವ ಮುಕ್ಕಾಲು ಪಾಲು ತಪ್ಪು ಇಷ್ಟರಲ್ಲೇ ಇದೆ.

ಕಬ್ಬಿಣದ ಪೈಪಿನ ಥ್ರೆಡ್ಡು

ಜಿ.ಐ. ಪೈಪು, ಎಂದರೆ ಸತುವಿನ ಲೇಪವಿರುವ ಕಬ್ಬಿಣದ ಕೊಳವೆ, ಇದರ ತುದಿಯ ಥ್ರೆಡ್ಡನ್ನು ಬೆರಳಿನಿಂದ ಸವರಿ ನೋಡಿದರೆ ಅದು ತುದಿಯ ಕಡೆಗೆ ತುಸು ಕಿರಿದಾಗುತ್ತ ಹೋಗುವುದು ತಿಳಿಯುತ್ತದೆ. ಬಾಟಲಿಯ ಬಿರಡೆ ಒಳಗೆ ಹೋದಂತೆಲ್ಲ ಬಿಗಿಯಾಗುವ ಹಾಗೆಯೇ ಇದು ಎಲ್ಬೋವಿನೊಳಗೆ ಅಥವಾ ಸಾಕೆಟ್ಟಿನೊಳಗೆ ತಿರುಗಿದಂತೆ ಬಿಗಿಯಾಗುತ್ತದೆ. ಆದರೂ ಲೋಹಕ್ಕೆ ಲೋಹ ಎಷ್ಟು ಒತ್ತಿದರೂ ಥ್ರೆಡ್ಡಿನ ಬುಡದಲ್ಲಿ ಕೂದಲೆಳೆಯಷ್ಟು ಸಂದು ಸುತ್ತಿಕೊಂಡೇ ಉಳಿಯುತ್ತದೆ. ನೀರು ಆ ಸಂದಿನಲ್ಲಿ ಸುರುಳಿ ಸುರುಳಿಯಾಗಿ ಹೊರಗೆ ಬರುತ್ತದೆ. ನಾವು ಸುತ್ತುವ ಸಾಮಾನಿಗೆ ಆ ಸಂದನ್ನು ತುಂಬುವುದಷ್ಟೇ ಕೆಲಸ. ಪೈಪನ್ನು ಹಿಡಿದು ನಿಲ್ಲಿಸುವ ಕೆಲಸ ಅದರದಲ್ಲ. ಹಲ್ಲು ಸವೆದ ಥ್ರೆಡ್ಡಿಗೆ ಎಷ್ಟು ಸುತ್ತಿದರೂ ನಿಲ್ಲದಿರುವುದು ಇದರಿಂದಲೇ. ಅಂಥ ಪೈಪಿನ ತುದಿಯನ್ನು ಕೊಯ್ಸಿ ಹೊಸ ಥ್ರೆಡ್ಡು ಹಾಕಿಸುವುದೇ ಸರಿ.

ಸಂದು ತುಂಬುವುದಕ್ಕೆ ಈಗ ಎಲ್ಲ ಅಂಗಡಿಗಳಲ್ಲೂ ಸಿಕ್ಕುವುದು ಬಿಳಿಯ ಟೆಫ್ಲಾನ್ ಟೇಪು. ಈ ವಸ್ತುವನ್ನು 1938ರಲ್ಲಿ ಅಮೆರಿಕದ ರಾಯ್ ಪ್ಲಂಕೆಟ್ ಎಂಬ ರಸಾಯನಶಾಸ್ತ್ರಜ್ಞರು ಬೇರೇನನ್ನೋ ಹುಡುಕುತ್ತಿದ್ದಾಗ ಅಕಸ್ಮಾತ್ತಾಗಿ ಕಂಡರು. ಅಂಟದ ದೋಸೆ ಕಾವಲಿಗೆ ಬಳಿದಿರುವುದೂ ಇದನ್ನೇ. ಇದು ನೀರಿನಲ್ಲಿ ಕರಗದು, ಕೊಳೆಯದು, ನೀರಿಗೆ ಏನನ್ನೂ ಬಿಡದು. ಟೇಪಿನಲ್ಲಿ ಅಂಟು ಇಲ್ಲವೆಂಬುದನ್ನು ಗಮನಿಸಬೇಕು. ಅದು ಅಂಟಿಸುವ ಟೇಪಲ್ಲ, ಥ್ರೆಡ್ಡಿನೊಳಗೆ ಹಿಂಡಿಕೊಂಡು ಸಂದು ತುಂಬುವ ಟೇಪು. ಆದುದರಿಂದ ಸೋರುವ ಪೈಪಿನ ಮೇಲೆ ಹೊರಗಿನಿಂದ ಗಾಯಕ್ಕೆ ಬಟ್ಟೆ ಕಟ್ಟಿದಂತೆ ಇದನ್ನು ಸುತ್ತಿದರೆ ಏನೂ ಆಗದು. ಉಳಿದ ಚೂರುಗಳನ್ನು ಒಲೆಗೆ ಹಾಕಬಾರದು. ಉರಿದಾಗ ಬರುವ ಹೊಗೆ ಕೆಟ್ಟದ್ದು.

ಸುತ್ತುವ ಕ್ರಮ ಹೀಗೆ. ಹಳೆಯ ಟೇಪು, ನಾರು, ತುಕ್ಕು ಎಲ್ಲವನ್ನೂ ತಂತಿಯ ಬ್ರಷ್ಷಿನಿಂದ ಉಜ್ಜಿ ತೆಗೆದು ಒಣಬಟ್ಟೆಯಿಂದ ಒರಸಬೇಕು. ಥ್ರೆಡ್ಡಿನ ತುದಿ ನಿಮ್ಮ ಮುಖದ ಕಡೆಗಿರಲಿ. ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ, ಟೇಪನ್ನು ತುಸು ಎಳೆದು ಹಿಡಿದು, ಒಂದು ಸುತ್ತಿನ ಮೇಲೆ ಅರ್ಧ ಬರುವಂತೆ ಸುತ್ತುತ್ತ ಹೋಗಬೇಕು. ದಿಕ್ಕು ತಪ್ಪಿದರೆ ನಲ್ಲಿಯನ್ನು ತಿರುಗಿಸುವಾಗ ಟೇಪು ಬಿಚ್ಚಿಕೊಂಡು ಹಿಂದಕ್ಕೆ ಮುದ್ದೆಯಾಗುತ್ತದೆ. ಹೊಸಬರು ಸುತ್ತಿದ ಜೋಡಣೆ ಸೋರುವುದು ಬಹುಮಟ್ಟಿಗೆ ಈ ಒಂದು ಕಾರಣದಿಂದ. ತುದಿಯ ಮೊದಲ ಹಲ್ಲನ್ನು ಬರಿದಾಗಿ ಬಿಡಬೇಕು. ಇಲ್ಲವಾದರೆ ಟೇಪಿನ ಚೂರು ನೀರಿನೊಡನೆ ಹೋಗಿ ನಲ್ಲಿಯ ಬಾಯಲ್ಲಿ ಸಿಕ್ಕಿಕೊಳ್ಳುತ್ತದೆ. ಅರ್ಧ ಅಂಗುಲದ ಕಬ್ಬಿಣದ ಥ್ರೆಡ್ಡಿಗೆ ನಮ್ಮ ಅಂಗಡಿಗಳ ತೆಳು ಟೇಪಾದರೆ 5ರಿಂದ 8 ಸುತ್ತು ಬೇಕು. ಒಂದು ಅಂಗುಲದ್ದಕ್ಕೆ ಇನ್ನೆರಡು ಹೆಚ್ಚಾಗಲಿ.

ಇಲ್ಲಿ ಒಂದು ಎಚ್ಚರಿಕೆ. ನಲ್ಲಿಯನ್ನು ಬಿಗಿ ಮಾಡುವಾಗ ಅದರ ಮೂತಿ ಕೆಳಮುಖವಾಗಿ ನಿಲ್ಲಬೇಕಷ್ಟೆ. ಹೆಚ್ಚು ತಿರುಗಿ ಮೂತಿ ಓರೆಯಾದರೆ ಕಾಲು ಸುತ್ತು ಹಿಂದಕ್ಕೆ ತಿರುಗಿಸಿ ನೇರ ಮಾಡುವ ಆಸೆಯಾಗುತ್ತದೆ. ಟೇಪಿಗೆ ಇದು ಸಲ್ಲದು. ಹಿಂದಕ್ಕೆ ತಿರುಗಿಸಿದ ಕೂಡಲೇ ಹಿಂಡಿಕೊಂಡ ಟೇಪು ಸಡಿಲವಾಗಿ ದಾರಿ ಬಿಡುತ್ತದೆ. ಬಿಚ್ಚಿ, ಒರಸಿ, ಹೊಸದಾಗಿ ಸುತ್ತಿ ಮತ್ತೆ ಹಾಕಬೇಕು. ಒಂದು ಟೇಪಿನ ಬೆಲೆ ಒಂದು ಲೋಟ ಚಹಕ್ಕಿಂತ ಬಹಳ ಹೆಚ್ಚೇನೂ ಅಲ್ಲ. ಅದರಲ್ಲಿ ಜಿಪುಣತನ ಬೇಡ.

ಇನ್ನು ಹಳೆಯ ಪದ್ಧತಿಯಾದ ಸಣಬಿನ ನಾರು. ಇದನ್ನು ಹೀಗಳೆಯುವುದು ಸರಿಯಲ್ಲ. ನೀರು ತಗುಲಿದೊಡನೆ ನಾರು ಉಬ್ಬಿ ಸಂದನ್ನು ತಾನೇ ಮುಚ್ಚಿಕೊಳ್ಳುತ್ತದೆ. ದೊಡ್ಡ ಪೈಪುಗಳಲ್ಲೂ, ಥ್ರೆಡ್ಡು ಸ್ವಲ್ಪ ಒರಟಾಗಿರುವಲ್ಲೂ ಟೇಪಿಗಿಂತ ನಾರೇ ಮೇಲು. ಮೂತಿ ನೇರ ಮಾಡಲು ತುಸು ಹಿಂದಕ್ಕೆ ತಿರುಗಿಸಿದರೂ ಅದು ಸಹಿಸುತ್ತದೆ. ಥ್ರೆಡ್ಡನ್ನು ಗರಗಸದ ಅಲಗಿನಿಂದ ತುಸು ಗೀರಿ ಒರಟು ಮಾಡಿದರೆ ನಾರು ಜಾರದೆ ನಿಲ್ಲುತ್ತದೆ. ನಾರನ್ನು ಜಡೆ ಬಾಚಿದಂತೆ ಬಿಡಿಸಿ ತೆಳ್ಳಗೆ ಸುತ್ತಬೇಕು, ಹುರಿ ಮಾಡಿ ಸುತ್ತಬಾರದು. ಇದರ ದೋಷವೆಂದರೆ ಒಣಗಿದಾಗ ಕುಗ್ಗುವುದು. ಮೂರು ನಾಲ್ಕು ದಿನಕ್ಕೊಮ್ಮೆ ನೀರು ಬಿಡುವ ಊರಲ್ಲಿ, ಬೇಸಿಗೆಯಲ್ಲಿ, ನೀರು ಬಂದ ಮೊದಲ ಸ್ವಲ್ಪ ಹೊತ್ತು ನಾರಿನ ಜೋಡಣೆ ಜಿನುಗಿ ಆಮೇಲೆ ನಿಲ್ಲುವುದನ್ನು ನೀವು ನೋಡಿರಬಹುದು. ಅಂಥ ಊರುಗಳಿಗೆ ಟೇಪು ಒಳ್ಳೆಯದು.

ಸೀಸದ ಮಾತು

ನಾರಿನ ಜೊತೆಗೆ ಹಚ್ಚುವುದೇನು ಎಂಬಲ್ಲಿಗೆ ಬಂದೆವು. ಈ ಲೇಖನ ಬರೆಯಲು ಮುಖ್ಯ ಕಾರಣವೇ ಇದು. ಹಿಂದೆ ಕೊಳಾಯಿ ಕೆಲಸದವರು ನಾರಿನ ಮೇಲೆ ಸಫೇದವನ್ನೋ ಕೆಂಪು ಸೀಸವನ್ನೋ ಅಗಸೆ ಎಣ್ಣೆಯಲ್ಲಿ ಕಲಸಿ ಬಳಿಯುತ್ತಿದ್ದರು. ಜೋಡಣೆ ಕಲ್ಲಿನಂತೆ ಗಟ್ಟಿಯಾಗುತ್ತಿತ್ತು, ನಿಜ. ಆದರೆ ಹಳೆಯ ಸಫೇದವೆಂದರೆ ಸೀಸದ ಬಿಳಿ; ಕೆಂಪು ಸೀಸವೆಂಬುದರ ಹೆಸರೇ ಅದನ್ನು ಹೇಳುತ್ತದೆ. ಎರಡೂ ವಿಷವಸ್ತುಗಳು. ಪ್ಲಂಬರ್ ಎಂಬ ಮಾತೇ ಲ್ಯಾಟಿನ್ ಭಾಷೆಯಲ್ಲಿ ಸೀಸಕ್ಕಿರುವ ಹೆಸರಿನಿಂದ ಬಂದದ್ದು. ರೋಮಿನವರು ಸೀಸದ ಕೊಳವೆಗಳಲ್ಲೇ ನೀರು ಹರಿಸಿದರು. ಸೀಸಕ್ಕೂ ಕೊಳಾಯಿಗೂ ಇರುವ ನಂಟು ಅಷ್ಟು ಹಳೆಯದು. ಹಳೆಯದೆಂಬ ಮಾತ್ರಕ್ಕೆ ಒಳ್ಳೆಯದೆನ್ನಲಾಗದು.

ಕುಡಿಯುವ ನೀರಿಗೆ ಸಂಬಂಧಿಸಿದ ಭಾರತೀಯ ಮಾನಕ 10500ರ ಪ್ರಕಾರ ಒಂದು ಲೀಟರು ನೀರಿನಲ್ಲಿ ಸೀಸವು 0.01 ಮಿಲಿಗ್ರಾಮು ಮೀರಕೂಡದು. ಇದನ್ನು ಮನೆಯ ಲೆಕ್ಕಕ್ಕೆ ಇಳಿಸಿ ನೋಡೋಣ. ಒಂದೇ ಒಂದು ಗ್ರಾಮು ಸೀಸ ಕರಗಿದರೆ ಒಂದು ಲಕ್ಷ ಲೀಟರು ನೀರು ಆ ಮಿತಿಯನ್ನು ಮುಟ್ಟುತ್ತದೆ. ಬೆರಳ ತುದಿಗೆ ಮೆತ್ತಿದ ಸಫೇದದಲ್ಲೂ ಒಂದು ಗ್ರಾಮು ಸೀಸ ಇರಬಹುದು. ಅದು ಒಂದೇ ದಿನದಲ್ಲಿ ಕರಗದು. ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಬಿಡುತ್ತದೆ. ರಾತ್ರಿಯೆಲ್ಲ ಪೈಪಿನಲ್ಲಿ ನಿಂತ ನೀರಿನಲ್ಲಿ ಹೆಚ್ಚು ಸೇರುತ್ತದೆ. ಹೊಟ್ಟೆಗೆ ಹೋದ ಸೀಸವನ್ನು ಮಕ್ಕಳ ಮೈ ದೊಡ್ಡವರಿಗಿಂತ ನಾಲ್ಕೈದು ಪಾಲು ಹೆಚ್ಚಾಗಿ ಹೀರಿಕೊಳ್ಳುತ್ತದೆ. ಅದು ಮಗುವಿನ ಮೆದುಳಿನ ಬೆಳವಣಿಗೆಯನ್ನು ಕುಗ್ಗಿಸುತ್ತದೆ, ರಕ್ತಹೀನತೆ ತರುತ್ತದೆ, ಎಲುಬಿನಲ್ಲಿ ಸೇರಿ ಬಹುಕಾಲ ಉಳಿಯುತ್ತದೆ. ಗರ್ಭಿಣಿಯ ಮೈಯಿಂದ ಹೊಟ್ಟೆಯ ಕೂಸಿಗೂ ದಾಟುತ್ತದೆ. ಇಷ್ಟು ಪ್ರಮಾಣದವರೆಗೆ ಅಪಾಯವಿಲ್ಲ ಎಂದು ಹೇಳಬಹುದಾದ ಮಟ್ಟ ಸೀಸಕ್ಕೆ ಇಲ್ಲವೇ ಇಲ್ಲ.

ಸೀಸವು ನೀರಿಗೆ ರುಚಿ ಕೊಡದು, ಬಣ್ಣ ಕೊಡದು, ವಾಸನೆಯನ್ನೂ ಕೊಡದು. ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿದರೆ ಮಾತ್ರ ಗೊತ್ತಾಗುತ್ತದೆ. ಕಾಯಿಸಿದರೆ ಹೋಗುವುದೆಂಬ ನಂಬಿಕೆ ತಪ್ಪು. ಕಾಯಿಸಿದರೆ ಕ್ರಿಮಿ ಸಾಯುತ್ತದೆ. ಸೀಸವಾದರೋ ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದ ನೀರಿನಲ್ಲಿ ದಟ್ಟವಾಗುತ್ತದೆ. ಮಲೆನಾಡು, ಕರಾವಳಿಯ ಜಂಬಿಟ್ಟಿಗೆ ನೆಲದ ಬಾವಿನೀರು ಮೆದು, ತುಸು ಹುಳಿ ಗುಣದ್ದು. ಮೆದು ನೀರು ಲೋಹವನ್ನು ಹೆಚ್ಚು ಕರಗಿಸುತ್ತದೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಕೊಳವೆಬಾವಿಯ ಗಡಸು ನೀರು ಪೈಪಿನ ಒಳಗೆ ಸುಣ್ಣದ ಪೊರೆ ಕಟ್ಟಿ ಇದನ್ನು ಸ್ವಲ್ಪ ತಡೆಯಬಹುದು. ಆದರೆ ಆ ಪೊರೆಯನ್ನು ನಂಬಿ ವಿಷ ಹಚ್ಚುವುದು ಬುದ್ಧಿವಂತಿಕೆಯಲ್ಲ.

“ಸ್ವಾಮಿ, ನಮ್ಮ ತಾತನ ಕಾಲದಿಂದ ಇದನ್ನೇ ಹಚ್ಚುತ್ತ ಬಂದಿದ್ದೇವೆ, ಯಾರಿಗೂ ಏನೂ ಆಗಿಲ್ಲವಲ್ಲ” ಎಂದು ಅನುಭವಸ್ಥ ಕೆಲಸಗಾರರು ಹೇಳುವುದುಂಟು. ಸೀಸದ ಕೆಡುಕು ವಾಂತಿಭೇದಿಯಂತೆ ಮರುದಿನವೇ ತೋರುವುದಲ್ಲ. ಹುಡುಗನಿಗೆ ಪಾಠ ತಲೆಗೆ ಹತ್ತುವುದಿಲ್ಲ, ಹುಡುಗಿ ಸದಾ ಸುಸ್ತು ಎನ್ನುತ್ತಾಳೆ ಎಂದರೆ ಅಂಗಳದ ನಲ್ಲಿಯ ಮೇಲೆ ಯಾರಿಗೆ ತಾನೆ ಸಂಶಯ ಬರುತ್ತದೆ? ಸರಕಾರವು ಮನೆಗೆ ಬಳಿಯುವ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷ ಪಾಲಿಗೆ 90 ಪಾಲು ಮೀರಬಾರದೆಂದು 2016ರಲ್ಲಿ ನಿಯಮ ಮಾಡಿ 2017ರ ನವೆಂಬರಿನಿಂದ ಜಾರಿಗೆ ತಂದಿತು. ಪಿ.ವಿ.ಸಿ. ಕೊಳವೆಗಳ ತಯಾರಿಕೆಯಲ್ಲಿ ಸೀಸದ ಬಳಕೆಯ ಬಗ್ಗೆಯೂ 2021ರಲ್ಲಿ ನಿಯಮಗಳಾದವು. ಗೋಡೆಗೆ ಬಳಿಯುವುದಕ್ಕೇ ಬೇಡವೆಂದ ವಸ್ತುವನ್ನು ಕುಡಿಯುವ ನೀರಿನ ಬಾಯಿಗೆ ಬಳಿಯಬಹುದೆ?

ಆದಕಾರಣ ಕುಡಿಯುವ ನೀರಿನ ಪೈಪಿಗೆ ಸಫೇದ, ಕೆಂಪು ಸೀಸ, ಕಬ್ಬಿಣದ ಗೇಟಿಗೆ ಬಳಿದು ಉಳಿದ ಬಣ್ಣ, ಇವು ಯಾವುದನ್ನೂ ಹಚ್ಚಬಾರದು. ಸಫೇದವೆಂಬ ಹೆಸರಿನಲ್ಲಿ ಈಗ ಸತುವಿನ ಬಿಳಿಯನ್ನು ಮಾರುವುದೂ ಉಂಟು. ಎರಡರ ಭೇದ ಕಣ್ಣಿಗೆ ತಿಳಿಯದು. ನಾರು ಸುತ್ತುವುದಿದ್ದರೆ ಕುಡಿಯುವ ನೀರಿಗೆ ಯೋಗ್ಯವೆಂದೂ ಸೀಸವಿಲ್ಲವೆಂದೂ ಡಬ್ಬಿಯ ಮೇಲೆ ಅಚ್ಚಾಗಿರುವ ಲೇಪವನ್ನು ಕೇಳಿ ಪಡೆಯಿರಿ. ಅದು ಸಿಕ್ಕದಿದ್ದರೆ ಟೇಪೇ ಸಾಕು. ಮನೆಯಲ್ಲಿ ಹಳೆಯ ಸಫೇದದ ಜೋಡಣೆಗಳಿದ್ದು ಈಗಲೇ ಬಿಚ್ಚಿಸಲಾಗದಿದ್ದರೆ, ಬೆಳಗಿನ ಮೊದಲ ನೀರನ್ನು ಒಂದೆರಡು ನಿಮಿಷ ಪಾತ್ರೆ ತೊಳೆಯುವ ಬಾನಿಗೋ ಹೂಗಿಡಕ್ಕೋ ಬಿಟ್ಟು ಆಮೇಲೆ ಕುಡಿಯಲು ಹಿಡಿಯುವುದು ಒಳ್ಳೆಯದು.

ರಬ್ಬರು ಇರುವಲ್ಲಿ ಟೇಪು ಬೇಡ

ಮುಚ್ಚಿದ ನಲ್ಲಿಯ ಮೂತಿಯಿಂದಲೇ ತೊಟ್ಟಿಕ್ಕುತ್ತಿದ್ದರೆ ಅದು ಥ್ರೆಡ್ಡಿನ ದೋಷವಲ್ಲ. ಒಳಗಿನ ರಬ್ಬರಿನ ವಾಷರು ಸವೆದಿದೆ, ಅಥವಾ ಅದು ಕೂರುವ ಜಾಗದಲ್ಲಿ ಸುಣ್ಣ, ಮರಳು ಸೇರಿದೆ. ಇದಕ್ಕೆ ನಲ್ಲಿಯನ್ನು ಗೋಡೆಯಿಂದ ಬಿಚ್ಚುವ ಅಗತ್ಯವೇ ಇಲ್ಲ. ಹಿಂದಿನ ವಾಲ್ವನ್ನು ಮುಚ್ಚಿ, ನಲ್ಲಿಯ ತಲೆಯನ್ನು ಪಾನಾದಿಂದ ಬಿಚ್ಚಿ, ಹೊಸ ವಾಷರು ಹಾಕಿದರೆ ಆಯಿತು. ಸೋರುವ ನಲ್ಲಿಯನ್ನು ಬಲವಾಗಿ ತಿರುಗಿಸಿ ಮುಚ್ಚುವ ಅಭ್ಯಾಸ ಹಲವರಿಗುಂಟು; ಅದರಿಂದ ವಾಷರು ಇನ್ನಷ್ಟು ಕತ್ತರಿಸಿಹೋಗುತ್ತದೆ. ಕಾಲು ಸುತ್ತಿಗೆ ತೆರೆಯುವ ಹೊಸ ಬಗೆಯ ನಲ್ಲಿಗಳಲ್ಲಿ ಈ ವಾಷರು ಇರುವುದಿಲ್ಲ. ಅವುಗಳ ಒಳಭಾಗವನ್ನೇ ಇಡಿಯಾಗಿ ಬದಲಿಸಬೇಕಾಗುತ್ತದೆ.

ಹಿಡಿಯ ಬುಡದಲ್ಲಿ, ಎಂದರೆ ತಿರುಗುವ ಕಡ್ಡಿಯ ಸುತ್ತ ಜಿನುಗಿದರೆ ಅಲ್ಲಿರುವ ಸಣ್ಣ ನಟ್ಟನ್ನು ಎಂಟನೆಯ ಒಂದು ಸುತ್ತು ಬಿಗಿ ಮಾಡಿ ನೋಡಿ. ನಿಲ್ಲದಿದ್ದರೆ ಅದರೊಳಗಿನ ಹಳೆಯ ದಾರವನ್ನು ತೆಗೆದು, ಟೆಫ್ಲಾನ್ ಟೇಪನ್ನೇ ಹುರಿಯಂತೆ ಹೊಸೆದು ಸುತ್ತಿ ಬಿಗಿ ಮಾಡಬಹುದು. ಯೂನಿಯನ್ನಿನಲ್ಲಿ, ಕೈತೊಳೆಯುವ ಬೇಸಿನ್ನಿಗೆ ಹಾಕುವ ಬಾಗುವ ಪೈಪಿನ ನಟ್ಟಿನಲ್ಲಿ, ನೀಲಿ ಎಂ.ಡಿ.ಪಿ.ಇ. ಪೈಪಿಗೆ ಹಾಕುವ ಕೈನಟ್ಟಿನಲ್ಲಿ ರಬ್ಬರಿನ ಬಳೆಯೇ ನೀರು ತಡೆಯುತ್ತದೆ. ಅಲ್ಲಿನ ಥ್ರೆಡ್ಡಿಗೆ ಒತ್ತುವ ಕೆಲಸ ಮಾತ್ರ. ಅದರ ಮೇಲೆ ಟೇಪು ಸುತ್ತಿದರೆ ನಟ್ಟು ಪೂರ್ತಿ ಕೂರದೆ, ರಬ್ಬರು ಅದುಮಿಕೊಳ್ಳದೆ ಮೊದಲಿಗಿಂತ ಹೆಚ್ಚು ಸೋರುತ್ತದೆ. ಬಳೆ ತಿರುಚಿದೆಯೇ, ಮರಳಿನ ಕಣ ಸಿಕ್ಕಿದೆಯೇ, ಪೈಪಿನ ತುದಿಯನ್ನು ನೇರವಾಗಿ ಕೊಯ್ದಿದೆಯೇ ಎಂದು ನೋಡಿರಿ.

ಪ್ಲಾಸ್ಟಿಕ್ ಪೈಪುಗಳು

ಪಿ.ವಿ.ಸಿ. ಪೈಪಿಗೆ ಹಚ್ಚುವ ಸಲ್ಯೂಷನ್ ಗೋಂದಿನಂತೆ ಅಂಟಿಸುವ ವಸ್ತುವಲ್ಲ. ಅದು ಪೈಪಿನ ಮೈಯನ್ನೂ ಸಾಕೆಟ್ಟಿನ ಒಳಮೈಯನ್ನೂ ಕರಗಿಸುತ್ತದೆ. ಎರಡೂ ಬೆರೆತು, ಆಮೇಲೆ ಗಟ್ಟಿಯಾಗಿ ಒಂದೇ ತುಂಡಾಗುತ್ತದೆ. ಈ ಮಾತು ತಿಳಿದರೆ ಉಳಿದ ನಿಯಮಗಳು ತಾವಾಗಿ ಅರ್ಥವಾಗುತ್ತವೆ. ಮೈ ಒದ್ದೆಯಾಗಿದ್ದರೆ, ಮಣ್ಣು ಎಣ್ಣೆ ಇದ್ದರೆ ಸರಿಯಾಗಿ ಕರಗದು. ಒಮ್ಮೆ ಗಟ್ಟಿಯಾದ ಜೋಡಣೆ ಸೋರಿದರೆ ಹೊರಗಿನಿಂದ ಸಲ್ಯೂಷನ್ ಬಳಿದು ಫಲವಿಲ್ಲ. ಆ ಭಾಗವನ್ನು ಕೊಯ್ದು ಹೊಸ ಸಾಕೆಟ್ಟು ಹಾಕಬೇಕು. ಪೈಪನ್ನು ನೇರವಾಗಿ ಕೊಯ್ದು, ಅಂಚಿನ ಸಿಬಿರನ್ನು ಕೆರೆದು, ಒಣಬಟ್ಟೆಯಿಂದ ಒರಸಿ, ಎರಡು ಕಡೆಗೂ ತೆಳ್ಳಗೆ ಹಚ್ಚಿ, ಕಾಲು ಸುತ್ತು ತಿರುಗಿಸುತ್ತ ಒಳಗೆ ತಳ್ಳಿ, ಅರ್ಧ ನಿಮಿಷ ಅಲುಗದಂತೆ ಹಿಡಿಯಬೇಕು. ಮೋಟಾರಿನ ಒತ್ತಡದ ನೀರನ್ನು ಮರುದಿನ ಬಿಡುವುದು ಲೇಸು. ನೀರು ಬರುವ ಹೊತ್ತಾಯಿತೆಂದು ಹತ್ತು ನಿಮಿಷಕ್ಕೇ ಬಿಟ್ಟು, ಆಮೇಲೆ ಸಾಮಾನನ್ನು ಬಯ್ಯುವವರೇ ಹೆಚ್ಚು. ಸಲ್ಯೂಷನ್ನಿನ ಆವಿ ಬೇಗ ಹೊತ್ತಿಕೊಳ್ಳುತ್ತದೆ. ಹಚ್ಚುವಾಗ ಬೀಡಿ, ದೀಪ, ಒಲೆ ಹತ್ತಿರವಿರಬಾರದು, ಕಿಟಕಿ ತೆರೆದಿರಲಿ.

ಬಿಳಿ ಅಥವಾ ಬೂದು ಬಣ್ಣದ ಯು.ಪಿ.ವಿ.ಸಿ. ಬೇರೆ, ಬಿಸಿನೀರಿಗೆ ಹಾಕುವ ಕೆನೆಬಣ್ಣದ ಸಿ.ಪಿ.ವಿ.ಸಿ. ಬೇರೆ. ಒಂದೊಂದಕ್ಕೆ ಅದರದೇ ಸಲ್ಯೂಷನ್ ಉಂಟು. ಬಣ್ಣ ನೋಡಿ ನಂಬದೆ ಪೈಪಿನ ಮೇಲಿನ ಅಚ್ಚನ್ನು ಓದಿರಿ. ಯು.ಪಿ.ವಿ.ಸಿ.ಯು 45 ಡಿಗ್ರಿ ಸೆಂಟಿಗ್ರೇಡಿಗಿಂತ ಮೇಲಿನ ಬಿಸಿಗೆ ತಕ್ಕದ್ದಲ್ಲ. ಸೌರ ನೀರ್‌ಬಿಸಿಗೆಯ ನೀರು ಇದನ್ನು ಸುಲಭವಾಗಿ ಮೀರುವುದರಿಂದ, ಅಲ್ಲಿಗೆ ಸಿ.ಪಿ.ವಿ.ಸಿ. ಪೈಪನ್ನೂ ಅದರ ಸಲ್ಯೂಷನ್ನನ್ನೂ ಬಳಸತಕ್ಕದ್ದು. ಮನೆಯ ಸಂಪರ್ಕಕ್ಕೆ ಹಲವೆಡೆ ಹಾಕಿರುವ ನೀಲಿ ಎಂ.ಡಿ.ಪಿ.ಇ. ಪೈಪು, ಹೊಲದ ಕರಿಯ ಎಚ್.ಡಿ.ಪಿ.ಇ. ಪೈಪು, ಹನಿ ನೀರಾವರಿಯ ಕೊಳವೆ, ಇವೆಲ್ಲ ಪಾಲಿಥೀನ್ ಜಾತಿಯವು. ಇವಕ್ಕೆ ಯಾವ ಸಲ್ಯೂಷನ್ನೂ ಹತ್ತದು, ಯಾವ ಅಂಟೂ ನಿಲ್ಲದು. ಕೈನಟ್ಟಿನ ಜೋಡಣೆ ಅಥವಾ ಕಾಯಿಸಿ ಬೆಸೆಯುವುದು, ಇವೆರಡೇ ದಾರಿ.

ಪ್ಲಾಸ್ಟಿಕ್ಕಿಗೂ ಥ್ರೆಡ್ಡು ಇರುವಲ್ಲಿ ಮೂರು ನಾಲ್ಕು ಸುತ್ತು ಟೇಪು ಸಾಕು. ಕೈಯಿಂದ ಬಿಗಿ ಮಾಡಿ, ಆಮೇಲೆ ಪಾನಾದಿಂದ ಒಂದು ಸುತ್ತು, ಅಷ್ಟೇ. ಕಬ್ಬಿಣದಂತೆ ಬಲ ಹಾಕಿದರೆ, ಅಥವಾ ಟೇಪನ್ನು ದಪ್ಪಗೆ ಸುತ್ತಿದರೆ ಹೊರಗಿನ ಎಲ್ಬೋ ಬಿರಿಯುತ್ತದೆ. ಬಿರುಕು ಆ ದಿನ ಕಾಣದೆ ಆರು ತಿಂಗಳ ಮೇಲೆ ಗೋಡೆಯೊಳಗೆ ಬಾಯಿ ಬಿಡುತ್ತದೆ. ನಾರನ್ನಂತೂ ಪ್ಲಾಸ್ಟಿಕ್ಕಿಗೆ ಸುತ್ತಲೇಬಾರದು, ಅದು ಉಬ್ಬಿ ಸೀಳುತ್ತದೆ. ನಲ್ಲಿ ಕೂರುವ ಜಾಗಕ್ಕೆ ಒಳಗೆ ಹಿತ್ತಾಳೆಯ ಥ್ರೆಡ್ಡಿರುವ ಎಲ್ಬೋ ಕೇಳಿ ಹಾಕಿಸಿಕೊಳ್ಳಿ. ದಿನಕ್ಕೆ ಹತ್ತಾರು ಸಲ ತಿರುಗಿಸುವ ನಲ್ಲಿಗೆ ಬರಿಯ ಪ್ಲಾಸ್ಟಿಕ್ ಥ್ರೆಡ್ಡು ಬಹುಕಾಲ ಬಾಳದು.

ಮೆತ್ತುವ ಸಾಮಾನುಗಳು

ಎಂ-ಸೀಲ್ ಮುಂತಾದ ಎರಡು ತುಂಡಿನ ಮೆತ್ತು ಎಲ್ಲ ಮನೆಗಳಲ್ಲೂ ಪರಿಚಿತ. ಎರಡನ್ನೂ ಸಮಪಾಲು ಹಿಡಿದು, ಬಣ್ಣ ಒಂದಾಗುವ ತನಕ ನಾದಿ, ಒಣಗಿದ ಮೈಯ ಮೇಲೆ ಹೊರಗಿನಿಂದ ಮೆತ್ತಬೇಕು. ಚರಂಡಿ ಪೈಪಿಗೆ, ಬಿರುಕು ಬಿಟ್ಟ ತೊಟ್ಟಿಗೆ ಇದು ಸರಿಯೆ. ಒತ್ತಡದ ಪೈಪಿಗೆ ಇದನ್ನು ಪೇಟೆಗೆ ಹೋಗಿ ಸಾಮಾನು ತರುವ ತನಕದ ತಾತ್ಕಾಲಿಕ ಏರ್ಪಾಡೆಂದು ತಿಳಿಯಿರಿ. ಸೈಕಲ್ ಟ್ಯೂಬಿನ ಪಟ್ಟಿಯನ್ನು ಎಳೆದು ಸುತ್ತಿ ತಂತಿಯಿಂದ ಬಿಗಿದರೆ ಒಡೆದ ಪೈಪಿಗೆ ಅದೂ ಒಂದೆರಡು ದಿನ ಆಗುತ್ತದೆ. ಸಿಲಿಕೋನ್ ಮೆತ್ತು ಇರುವುದು ಬೇಸಿನ್ನಿನ ಅಂಚು, ಕಲ್ಲಿನ ಸಂದು ಇಂಥ ಒತ್ತಡವಿಲ್ಲದ ಜಾಗಕ್ಕೆ, ಥ್ರೆಡ್ಡಿಗೆ ಹಚ್ಚುವುದಕ್ಕಲ್ಲ.

ನೆಲದೊಳಗಿನ ಸೋರಿಕೆ

ಕಣ್ಣಿಗೆ ಕಾಣುವ ಹನಿಗಿಂತ ಕಾಣದ ಜೋಡಣೆ ಹೆಚ್ಚು ಅಪಾಯಕರ. ನಮ್ಮ ಊರುಗಳಲ್ಲಿ ಕೊಳಾಯಿಗೆ ದಿನವೆಲ್ಲ ನೀರಿರುವುದಿಲ್ಲ. ಗಂಟೆಯೋ ಎರಡು ಗಂಟೆಯೋ ಬಿಟ್ಟು ನಿಲ್ಲಿಸುತ್ತಾರೆ. ನಿಲ್ಲಿಸಿದ ಮೇಲೆ ಪೈಪಿನ ನೀರು ತಗ್ಗಿನ ಕಡೆಗೆ ಇಳಿದು, ಮೇಲಿನ ಭಾಗ ಬರಿದಾಗಿ ಒಳಗೆ ಹೀರುವ ಬಲ ಹುಟ್ಟುತ್ತದೆ. ಆಗ ಸಡಿಲ ಜೋಡಣೆಯಿಂದ ಹೊರಗಿನದು ಒಳಕ್ಕೆ ಹೋಗುತ್ತದೆ. ಜೋಡಣೆ ಚರಂಡಿಯ ಪಕ್ಕದಲ್ಲೋ ಗೊಬ್ಬರದ ಗುಂಡಿಯ ಬಳಿಯಲ್ಲೋ ಇದ್ದರೆ ಒಳಗೆ ಹೋಗುವುದು ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಮರುದಿನ ನೀರು ಬಿಟ್ಟಾಗ ಅದು ಮೊದಲ ಕೊಡದಲ್ಲಿ ಬರುತ್ತದೆ. ವಾಂತಿಭೇದಿ, ವಿಷಮಶೀತಜ್ವರ, ಕಾಮಾಲೆಗಳು ಒಂದೇ ಬೀದಿಯಲ್ಲಿ ಹಲವು ಮನೆಗಳಿಗೆ ಒಟ್ಟಿಗೆ ಬರುವುದಕ್ಕೆ ಇದೊಂದು ದೊಡ್ಡ ಕಾರಣ. ಕೊಳಾಯಿಗೆ ನೇರವಾಗಿ ಮೋಟಾರು ಹಾಕಿ ಎಳೆಯುವವರು ಈ ಹೀರುವ ಬಲವನ್ನು ಇನ್ನೂ ಹೆಚ್ಚಿಸುತ್ತಾರೆ. ತಮ್ಮ ತೊಟ್ಟಿ ತುಂಬುವ ಆತುರದಲ್ಲಿ ಬೀದಿಯ ಚರಂಡಿಯನ್ನು ತಮ್ಮ ಮನೆಗೇ, ನೆರೆಮನೆಗೂ ಎಳೆದುಕೊಳ್ಳುತ್ತಾರೆ.

ಚರಂಡಿಯನ್ನು ದಾಟುವ ಪೈಪಿನಲ್ಲಿ ಆ ಜಾಗದಲ್ಲಿ ಜೋಡಣೆಯೇ ಇರದಂತೆ ಒಂದೇ ತುಂಡನ್ನು ಹಾಕಿಸಬೇಕು. ಬೀದಿಯ ಮುಖ್ಯ ಕೊಳವೆ ಸೋರಿದರೆ ನೀರುಗಂಟಿಗೂ ಪಂಚಾಯಿತಿಗೂ ತಿಳಿಸಿರಿ. ತಾವೇ ಅಗೆದು ಬಟ್ಟೆ ಕಟ್ಟಿ ಮಣ್ಣು ಮುಚ್ಚುವುದು ಬೇಡ. ಅಂಗಳದಲ್ಲಿ ಕಾರಣವಿಲ್ಲದೆ ಒಂದು ಕಡೆ ಮಾತ್ರ ಹಸುರು ಹುಲ್ಲು ಸೊಂಪಾಗಿ ಬೆಳೆದಿದ್ದರೆ, ಅದರ ಕೆಳಗೆ ಪೈಪು ಹಾದಿದ್ದರೆ, ಅಲ್ಲಿ ಅಗೆದು ನೋಡುವುದು ಒಳ್ಳೆಯದು.

ಜೋಡಣೆ ಮುಗಿದ ಮೇಲೆ ಪರೀಕ್ಷೆ ಮಾಡುವುದು ಸುಲಭ. ಹೊರಮೈಯನ್ನು ಚೆನ್ನಾಗಿ ಒರಸಿ, ಒಲೆಯ ಒಣ ಬೂದಿಯನ್ನು ತೆಳ್ಳಗೆ ಸವರಿ, ನೀರು ಬಿಟ್ಟು, ಗಂಟೆಯ ಮೇಲೆ ನೋಡಿರಿ. ಬೆರಳಿಗೆ ತಿಳಿಯದಷ್ಟು ಜಿನುಗಿದರೂ ಬೂದಿ ಅಲ್ಲಿ ಕಪ್ಪಾಗಿ ತೋರಿಸಿಕೊಡುತ್ತದೆ. ಗೋಡೆಯೊಳಗೆ ಹೋಗುವ ಪೈಪಾದರೆ ಹೀಗೆ ಒಂದು ರಾತ್ರಿ ನೋಡಿದ ಮೇಲೆಯೇ ಗಾರೆಯವನನ್ನು ಕರೆಯಿರಿ. ಹೊಸ ಜೋಡಣೆಯಿಂದ ಬರುವ ಮೊದಲ ನೀರಿನಲ್ಲಿ ಕಬ್ಬಿಣದ ಪುಡಿ, ನಾರಿನ ಎಳೆ, ಸಲ್ಯೂಷನ್ನಿನ ವಾಸನೆ ಇರುತ್ತದೆ. ವಾಸನೆ ಹೋಗುವ ತನಕ ನೀರನ್ನು ಹೊರಗೆ ಹರಿಯಬಿಟ್ಟು ಆಮೇಲೆ ಬಿಂದಿಗೆ ಇಡಿರಿ.